ಐಐಎಂ ಬೆಂಗಳೂರಿನ ಎಂಬಿಎ: ಎರಡು ವರ್ಷದ್ದೋ, ಒಂದು ವರ್ಷದ್ದೋ, ವಾರಾಂತ್ಯದ್ದೋ? ತಲೆ ಕೆಟ್ಟಿದೆ

ಲೆಡ್ಜರ್_ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನನಗೆ 28. ಊರು ತುಮಕೂರು ಹತ್ತಿರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, 91 ಪರ್ಸೆಂಟ್. ಪಿಯುಸಿ ಕಾಮರ್ಸ್, 88. ಬಿಕಾಂನಲ್ಲಿ 67ಕ್ಕೆ ಇಳಿದೆ, ಕಾರಣ ಕೇಳಬೇಡಿ. ಆರೂವರೆ ವರ್ಷದಿಂದ ಒಂದೇ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಕೈಗೆ ತಿಂಗಳಿಗೆ 62 ಸಾವಿರ ಬರುತ್ತದೆ. ತಿಂಗಳ ಕೊನೆಯ ಮೂರು ದಿನ ರಾತ್ರಿ ಹತ್ತರವರೆಗೆ ಕ್ಲೋಸಿಂಗ್ ಮಾಡಿಕೊಡುವವಳು ನಾನು. ಬೆಳಿಗ್ಗೆ ಆ ಅಂಕಿಗಳನ್ನು ಸ್ಕ್ರೀನ್ ಮೇಲೆ ಹಾಕಿ ಮಾತಾಡುವವರು ಬೇರೆಯವರು. ಅವರಲ್ಲಿ ಇಬ್ಬರು ನನಗಿಂತ ಚಿಕ್ಕವರು, ಇಬ್ಬರೂ ಎಂಬಿಎ.

ದಿನಾ 365 ಬಸ್ಸಿನಲ್ಲಿ ಬನ್ನೇರುಘಟ್ಟ ರಸ್ತೆಯಲ್ಲೇ ಓಡಾಟ. ಐಐಎಂ ಗೇಟ್ ಮುಂದೆ ಟ್ರಾಫಿಕ್ಕಿಗೆ ಬಸ್ ನಿಂತಾಗೆಲ್ಲ ಆ ಕಡೆ ನೋಡುತ್ತಿದ್ದೆ, ಅಷ್ಟೇ. ಈ ವರ್ಷ ಧೈರ್ಯ ಮಾಡಿ ಅವರ ವೆಬ್‌ಸೈಟ್ ತೆಗೆದರೆ ಪಿಜಿಪಿ, ಪಿಜಿಪಿಬಿಎ, ಇಪಿಜಿಪಿ, ಪಿಜಿಪಿಇಎಂ. ನಾಲ್ಕೇ ಅಕ್ಷರ ಹಿಂದೆ ಮುಂದೆ ಮಾಡಿ ಇಟ್ಟ ಹಾಗಿದೆ. ಇವುಗಳ ಮಧ್ಯೆ ನಿಜವಾದ ವ್ಯತ್ಯಾಸ ಏನು? ನನ್ನಂಥವಳಿಗೆ ಯಾವುದು ಸರಿ? ಬಿಕಾಂ, ಕನ್ನಡ ಮೀಡಿಯಂ ಅಂದರೆ ಮೊದಲೇ ಫಿಲ್ಟರ್ ಮಾಡಿಬಿಡುತ್ತಾರಾ? ಆನ್‌ಲೈನಲ್ಲಿ ಆರು ತಿಂಗಳ ಕೋರ್ಸ್ ಮಾಡಿದರೂ ಹೆಸರು ಅದೇ ಬರುತ್ತೆ ಅಂತ ಒಬ್ಬರು ಫೋನ್ ಮಾಡಿ ಮಾಡಿ ಸಾಯಿಸುತ್ತಿದ್ದಾರೆ. ಅದು ನಿಜವಾ?

ಅಪ್ಪನಿಗೆ ಇನ್ನೂ ಹೇಳಿಲ್ಲ. ಫೀಸು ಕೇಳಿದರೆ ಮೊದಲು ಮದುವೆ ಮಾತು ಬರುತ್ತದೆ.

ಹಿಂದಿನ_ಬೆಂಚು

ತಂಗಿ, ನಾನೂ ಬಿಕಾಂ, ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅಲ್ಲೇ ಪಿಜಿಪಿ ಮಾಡಿದ್ದು. ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ. ಪಿಜಿಪಿ ಅಂದರೆ ಎರಡು ವರ್ಷದ ಪೂರ್ತಿ ಸಮಯದ ಎಂಬಿಎ, ಕ್ಯಾಂಪಸ್ಸಿನಲ್ಲೇ ಇದ್ದು ಓದುವುದು. ಒಟ್ಟು ಆರು ಟರ್ಮ್. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಅಕೌಂಟಿಂಗ್, ಅರ್ಥಶಾಸ್ತ್ರ, ಮಾರ್ಕೆಟಿಂಗ್, ಸಂಖ್ಯಾಶಾಸ್ತ್ರ, ಆಪರೇಷನ್ಸ್ ಹೀಗೆ. ಮಧ್ಯೆ ಬೇಸಿಗೆಯಲ್ಲಿ ಇಂಟರ್ನ್‌ಶಿಪ್. ಎರಡನೇ ವರ್ಷ ನಮಗೆ ಬೇಕಾದ್ದು ಆರಿಸಿಕೊಳ್ಳುವುದು. ಪಿಜಿಪಿಬಿಎ 2020ರಲ್ಲಿ ಶುರುವಾಯಿತು. ಅದೂ ಎರಡು ವರ್ಷ, ಪಿಜಿಪಿಯಂತೆ ಅದಕ್ಕೂ ಕ್ಯಾಟ್ ಪ್ರವೇಶ ಪರೀಕ್ಷೆ, ಆದರೆ ಡೇಟಾ ಅನಲಿಟಿಕ್ಸ್ ಕಡೆ ಒತ್ತು. ಗಣಿತ ಕಂಡರೆ ಓಡುವವರಿಗಲ್ಲ. ಇಪಿಜಿಪಿ ಒಂದು ವರ್ಷ, ಕೆಲಸ ಬಿಟ್ಟು ಬರಬೇಕು, ಕನಿಷ್ಠ ಐದು ವರ್ಷದ ಅನುಭವ ಬೇಕು. ಜಿಮ್ಯಾಟ್ ಅನ್ನೋ ಇನ್ನೊಂದು ಪ್ರವೇಶ ಪರೀಕ್ಷೆ ಬರೆದು ಬರುವವರು ಅಲ್ಲಿ ಜಾಸ್ತಿ. ಪಿಜಿಪಿಇಎಂ ಕೆಲಸ ಮಾಡುತ್ತಲೇ ಓದುವುದು, ಎರಡು ವರ್ಷ, ವಾರದ ಕೊನೆಗೆ ಕ್ಲಾಸು. ಪಿಎಚ್‌ಡಿ ಬೇರೆ ದಾರಿ, ನಿಮಗೆ ಬೇಡ.

2018ಕ್ಕೆ ಮೊದಲು ಇಲ್ಲಿ ಓದಿದವರಿಗೆ ಸಿಗುತ್ತಿದ್ದದ್ದು ಡಿಪ್ಲೊಮಾ. ಐಐಎಂ ಕಾಯ್ದೆ ಬಂದ ಮೇಲೆ ಪದವಿ ಕೊಡುವ ಅಧಿಕಾರ ಸಿಕ್ಕಿತು. ಇದನ್ನು ಯಾಕೆ ಹೇಳಿದೆ ಅಂದರೆ ನಿಮ್ಮ ಕಂಪನಿಯಲ್ಲಿ ಯಾರಾದರೂ ಹಳಬರು "ಅಲ್ಲಿ ಎಂಬಿಎ ಕೊಡೋದೇ ಇಲ್ಲ" ಅಂತ ಹೇಳಬಹುದು. ಅವರ ಕಾಲಕ್ಕೆ ಅದು ಸರಿ.

ಈಗ ಕಹಿ ಮಾತು. ಪಿಜಿಪಿಗೆ ನೀವು ಸ್ವಲ್ಪ ತಡ. ಬಾಗಿಲು ಮುಚ್ಚಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಆದರೆ ಅನುಭವಕ್ಕೆ ಕೊಡುವ ಅಂಕ 36 ತಿಂಗಳವರೆಗೆ ಏರಿ ಅಲ್ಲಿಗೇ ನಿಲ್ಲುತ್ತದೆ. ಮೂರು ವರ್ಷ ದುಡಿದವನಿಗೂ ಆರೂವರೆ ವರ್ಷ ದುಡಿದ ನಿಮಗೂ ಒಂದೇ. ಕ್ಲಾಸಿನಲ್ಲಿ ಪಕ್ಕ ಕೂರುವವರು ಹೆಚ್ಚಿನವರು 22, 23ರವರು. ಕ್ಯಾಂಪಸ್ಸಿಗೆ ಬರುವ ಕಂಪನಿಗಳಲ್ಲೂ ಬಹಳಷ್ಟು ಹುಡುಕುವುದು ಅಂಥವರನ್ನೇ. ನಿಮ್ಮ ಆರೂವರೆ ವರ್ಷಕ್ಕೆ ಬೆಲೆ ಸಿಗುವುದು ಇಪಿಜಿಪಿ ಅಥವಾ ಪಿಜಿಪಿಇಎಂನಲ್ಲಿ.

ಬಿಕಾಂ, ಕನ್ನಡ ಮೀಡಿಯಂ ವಿಷಯ. ಯಾವ ಮೀಡಿಯಂ ಅಂತ ಯಾರೂ ಅಂಕ ಕಳೆಯುವುದಿಲ್ಲ. ಹತ್ತು, ಹನ್ನೆರಡನೇ ಕ್ಲಾಸಿನ ಅಂಕಗಳನ್ನು ಆಯಾ ಬೋರ್ಡಿಗೆ ತಕ್ಕಂತೆ ಹೊಂದಿಸಿ ಲೆಕ್ಕ ಹಾಕುತ್ತಾರೆ. 91, 88 ನಿಮ್ಮ ಪರ. 67 ಮಾತ್ರ ಚುಚ್ಚುತ್ತದೆ, ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ಅಲ್ಲಿ "ಕಾರಣ ಕೇಳಬೇಡಿ" ಅನ್ನೋಕೆ ಆಗಲ್ಲ :)

ನನ್ನ ಮೊದಲ ತಿಂಗಳ ಒಂದು ಕಥೆ ಹೇಳಲೇಬೇಕು. ಅಲ್ಲಿ ಪಾಠ ಬಹುಪಾಲು ಕೇಸ್ ಮೇಲೆ, ಅಂದರೆ ಒಂದು ಕಂಪನಿಯ ಸಮಸ್ಯೆಯ ಕಥೆ ಕೊಟ್ಟು ಅದರ ಮೇಲೆ ಚರ್ಚೆ. ಹಿಂದಿನ ರಾತ್ರಿ ಹದಿನೈದು ಇಪ್ಪತ್ತು ಪುಟ ಓದಿ ಬರಬೇಕು. ಎದುರಿಗೆ ನಿಮ್ಮ ಹೆಸರಿನ ಫಲಕ ಇರುತ್ತದೆ, ಮೇಷ್ಟ್ರು ಅದನ್ನು ನೋಡಿ ಯಾರನ್ನಾದರೂ ಎಬ್ಬಿಸುತ್ತಾರೆ. ಮೂರು ವಾರ ನಾನು ಬಾಯಿ ಬಿಟ್ಟಿರಲಿಲ್ಲ, ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಳ್ಳುವ ಹೊತ್ತಿಗೆ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಆ ದಿನದ ಕೇಸಿನಲ್ಲಿ ಒಂದು ಫ್ಯಾಕ್ಟರಿ. ಒಂದು ಡಬ್ಬಿ ಮಾಡೋಕೆ 95 ರೂಪಾಯಿ ಖರ್ಚು, ಹೊಸ ಗಿರಾಕಿ 80ಕ್ಕೆ ಕೇಳುತ್ತಿದ್ದಾನೆ. ನಾಲ್ಕೈದು ಜನ ಇಂಜಿನಿಯರುಗಳು ಸಾಲಾಗಿ ನಷ್ಟ, ಬೇಡ ಅಂದರು. ಮೇಷ್ಟ್ರು ನನ್ನ ಕಡೆ ತಿರುಗಿದರು. ಆ 95ರಲ್ಲಿ 30 ಬಾಡಿಗೆ, ಸಂಬಳ ಇತ್ಯಾದಿ, ಮಷೀನ್ ಸುಮ್ನೆ ನಿಂತರೂ ಹೋಗುವ ದುಡ್ಡು, ಮಷೀನ್ ಹೇಗೂ ಅರ್ಧ ದಿನ ಖಾಲಿ ಇದೆ, ನಿಜವಾದ ಖರ್ಚು 65, ಹಾಗಾಗಿ ಡಬ್ಬಿಗೆ 15 ರೂಪಾಯಿ ಕೈಗೆ ಬರುತ್ತೆ ಅಂತ ತಡವರಿಸುತ್ತಾ ಹೇಳಿದೆ. ಬಿಕಾಂ ಎರಡನೇ ವರ್ಷದ ಪಾಠ ಅದು! ಮೇಷ್ಟ್ರು ಬೋರ್ಡಿನ ಮೇಲೆ 15 ಅಂತ ಬರೆದು ಅದಕ್ಕೆ ಸುತ್ತು ಹಾಕಿದರು. ಆಮೇಲೆ ಕೇಳಿದ್ದು, "ಹಳೇ ಗಿರಾಕಿಗೆ ಈ 80ರ ಸುದ್ದಿ ಗೊತ್ತಾದರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಎರಡನೇ ಪ್ರಶ್ನೆಗೇ ಫೀಸು ಕೊಟ್ಟಿದ್ದು ಅಂತ ಈಗ ಅನ್ನಿಸುತ್ತೆ.

ಕಾಫಿ_ಬೈಟು

ಓದೋದು ಬಿಡಿ, ಆ ಕ್ಯಾಂಪಸ್ ನೋಡೋಕಾದರೂ ಹೋಗಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಕಟ್ಟಿದ್ದು, ಫತೇಪುರ್ ಸಿಕ್ರಿ ನೋಡಿ ಪ್ರೇರಣೆ ಪಡೆದರಂತೆ. ಕಲ್ಲು ಗೋಡೆ, ಉದ್ದುದ್ದ ಮೊಗಸಾಲೆ, ಮೇಲಿಂದ ಬಳ್ಳಿ, ಅದರ ಸಂದಿಯಲ್ಲಿ ಬಿಸಿಲು. ನಮ್ಮ ಕಾಲೇಜಿನಲ್ಲಿ ಫ್ಯಾನ್ ತಿರುಗಿದರೇ ಹಬ್ಬ.

ಶನಿವಾರದ_ಅಪ್ಪ

ನಾನು ಪಿಜಿಪಿಇಎಂ ಮುಗಿಸಿದವನು. ಹಿಂದಿನ ಬೆಂಚಿನವರು ಹೇಳಿದ್ದು ಸರಿ, ಆದರೆ "ಕೆಲಸ ಮಾಡುತ್ತಲೇ ಓದುವುದು" ಅನ್ನೋದು ಬರೆದಷ್ಟು ಸಲೀಸಲ್ಲ.

ವಾರಾಂತ್ಯ ಕ್ಲಾಸು ಅಂದರೆ ವಾರಾಂತ್ಯ ಮಾತ್ರ ಓದು ಅಂತ ಅಂದುಕೊಂಡು ಸೇರಿದೆ. ದಡ್ಡತನ. ಕೇಸ್ ಓದುವುದು, ಅಸೈನ್‌ಮೆಂಟು, ಗ್ರೂಪ್ ಪ್ರಾಜೆಕ್ಟು ಎಲ್ಲ ವಾರದ ರಾತ್ರಿಗಳಲ್ಲೇ. ಗ್ರೂಪಿನ ಐದೂ ಜನ ಕೆಲಸದವರು, ಎಲ್ಲರಿಗೂ ಒಟ್ಟಿಗೆ ಪುರುಸೊತ್ತು ಸಿಗುವುದು ರಾತ್ರಿ ಹತ್ತೂವರೆ ಮೇಲೆ. ಮಗಳಿಗೆ ಆಗ ಮೂರು ವರ್ಷ. ಶನಿವಾರ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡರೆ "ಅಪ್ಪಂಗೆ ಇವತ್ತೂ ಸ್ಕೂಲಾ?" ಅಂತ ಕೇಳುತ್ತಿದ್ದಳು. ನೀವು ತಿಂಗಳ ಕೊನೆಗೆ ಕ್ಲೋಸಿಂಗ್ ಅಂದಿರಿ ಅಲ್ವಾ, ಆ ಮೂರು ದಿನ ಮತ್ತು ಪರೀಕ್ಷೆ ಒಂದೇ ವಾರ ಬರುವ ಟರ್ಮ್ ಖಂಡಿತ ಬರುತ್ತದೆ. ಸೇರುವ ಮೊದಲೇ ಮ್ಯಾನೇಜರ್ ಹತ್ತಿರ ಬಾಯಿಬಿಟ್ಟು ಮಾತಾಡಿ. ನಾನು ಮುಚ್ಚಿಟ್ಟೆ, ಮೂರನೇ ತಿಂಗಳಿಗೆ ಸಿಕ್ಕಿಬಿದ್ದೆ.

ಇನ್ನೊಂದು. ಪಿಜಿಪಿಯಷ್ಟು ದೊಡ್ಡ ಪ್ಲೇಸ್‌ಮೆಂಟ್ ಜಾತ್ರೆ ಇಲ್ಲಿ ನಿರೀಕ್ಷಿಸಬೇಡಿ. ನನಗೆ ಲಾಭ ಆದದ್ದು ಬೇರೆ ರೀತಿ: ಶನಿವಾರ ಕಲಿತದ್ದನ್ನು ಸೋಮವಾರ ಆಫೀಸಿನಲ್ಲಿ ಉಪಯೋಗಿಸಿದೆ, ಎರಡು ವರ್ಷದಲ್ಲಿ ಒಳಗೇ ಬೇರೆ ತಂಡಕ್ಕೆ ಹೋದೆ. ಅಂಕಿ ಮಾಡಿಕೊಡುವವಳಿಂದ ಅಂಕಿ ಬಗ್ಗೆ ಮಾತಾಡುವವಳಾಗಬೇಕು ಅನ್ನೋದು ನಿಮ್ಮ ಆಸೆ ಅಂತ ನನಗೆ ಅರ್ಥವಾದದ್ದು. ಅದಕ್ಕೆ ಕೆಲಸ ಬಿಡಲೇಬೇಕು ಅಂತಿಲ್ಲ. ಕೆಲಸದ ಜಾತಿಯೇ ಬದಲಾಗಬೇಕು, ಕನ್ಸಲ್ಟಿಂಗಿಗೋ ಬ್ಯಾಂಕಿಂಗಿಗೋ ಜಿಗಿಯಬೇಕು ಅಂದರೆ ಮಾತ್ರ ಪೂರ್ತಿ ಸಮಯದ್ದನ್ನೇ ನೋಡಿ.

ಇಎಂಐ_ಸಂತ್ರಸ್ತ

ಯಾರೂ ದುಡ್ಡಿನ ಲೆಕ್ಕ ಹಾಕಲಿಲ್ಲ, ನಾನೇ ಹಾಕುತ್ತೇನೆ.

ಪಿಜಿಪಿ ಫೀಸು ಈಗ 25 ಲಕ್ಷದ ಆಸುಪಾಸು. ಎರಡು ವರ್ಷ ಸಂಬಳ ಇಲ್ಲ, ನಿಮ್ಮ 62 ಸಾವಿರದ ಲೆಕ್ಕಕ್ಕೆ ಹತ್ತಿರ ಹತ್ತಿರ 15 ಲಕ್ಷ. ಒಟ್ಟು 40. ಎಲ್ಲರೂ 25 ಅಂತ ಹೇಳಿ ಆ 15 ಮರೆಯುತ್ತಾರೆ. 25 ಲಕ್ಷ ಸಾಲ, ಶೇ. 9 ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳಿಗೆ ಸುಮಾರು 31,700 ಕಂತು. ಓದುವ ಕಾಲದ ಬಡ್ಡಿ ಬೇರೆ. ಒಳ್ಳೆಯ ಸುದ್ದಿ ಏನಂದರೆ ಇಂಥ ಸಂಸ್ಥೆಗೆ ಬ್ಯಾಂಕುಗಳು ಮನೆ ಪತ್ರ, ಜಮೀನು ಪತ್ರ ಕೇಳದೆ ಸಾಲ ಕೊಡುತ್ತವೆ. ಇದನ್ನು ಅಪ್ಪನಿಗೆ ಮೊದಲ ವಾಕ್ಯದಲ್ಲೇ ಹೇಳಿ, ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಅಸಲಿಗೆ ಇಲ್ಲ. ನೀವು ಅಕೌಂಟ್ಸ್‌ನವರು, ನಾನ್ಯಾಕೆ ಹೇಳ್ತಾ ಇದೀನೋ.

ಆ ಆರು ತಿಂಗಳ ಫೋನ್ ಬಗ್ಗೆ. ನಾನು ಅದಕ್ಕೆ ಬಿದ್ದವನು, ಹೆಸರು ಬೇಡ. ದೊಡ್ಡ ಹೆಸರಿನ ಸಂಸ್ಥೆ, ಮಧ್ಯದಲ್ಲಿ ಒಂದು ಆನ್‌ಲೈನ್ ಕಂಪನಿ. "ಸರ್, ಇವತ್ತು ರಾತ್ರಿಗೆ ರಿಯಾಯಿತಿ ಮುಗಿಯುತ್ತೆ" ಅಂತ ಮೂರು ವಾರ ದಿನಾ ಹೇಳಿದರು. ಒಂದು ಮುಕ್ಕಾಲು ಲಕ್ಷ ಕಟ್ಟಿದೆ. ಮುಂದಿನ ಇಂಟರ್‌ವ್ಯೂನಲ್ಲಿ ಎಚ್‌ಆರ್ ಹುಡುಗಿ ರೆಸ್ಯೂಮೆ ಮೇಲೆ ಬೆರಳಿಟ್ಟು "ಇದು ಸರ್ಟಿಫಿಕೇಟ್ ಕೋರ್ಸ್ ಅಲ್ವಾ ಸರ್?" ಅಂದಳು. ಹೌದು ಅಂದೆ. ಪಾಠ ಕೆಟ್ಟದಿರಲಿಲ್ಲ, ಸುಳ್ಳು ಹೇಳಬಾರದು. ಆದರೆ ಅದು ಎಂಬಿಎ ಅಲ್ಲ, ಮಾರುವವರು ಆ ಮಾತನ್ನು ನುಂಗಿಬಿಡುತ್ತಾರೆ. ರುಚಿ ನೋಡುವುದಷ್ಟೇ ಬೇಕಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್ಲಿನಲ್ಲಿ ಐಐಎಂ ಬೆಂಗಳೂರಿನ ಮೇಷ್ಟ್ರುಗಳ ಪಾಠಗಳೇ ಇವೆ. ನೋಡೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ.

ಲೆಡ್ಜರ್_ಹುಡುಗಿ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಡಬ್ಬಿ ಕಥೆ ಮೂರು ಸಲ ಓದಿದೆ. ಹೋದ ತಿಂಗಳು ನಮ್ಮಲ್ಲೂ ಹೆಚ್ಚುಕಮ್ಮಿ ಇದೇ ಚರ್ಚೆ ನಡೆಯಿತು, ನನಗೆ ಉತ್ತರ ಗೊತ್ತಿತ್ತು, ಸುಮ್ನೆ ಕೂತಿದ್ದೆ.

ಅಪ್ಪನಿಗೆ ನಿನ್ನೆ ಹೇಳಿದೆ. ಜಮೀನು ಪತ್ರ ಬೇಡ ಅಂದ ಕೂಡಲೇ "ಹಂಗಾದ್ರೆ ಓದು" ಅಂದರು. ಅಮ್ಮ ಇನ್ನೂ ಮಾತಾಡಿಲ್ಲ.

ಸದ್ಯಕ್ಕೆ ಕೆಲಸ ಬಿಡುವುದಿಲ್ಲ. ಪಿಜಿಪಿಇಎಂ ಮೇಲೆ ಮನಸ್ಸಿದೆ, ಅದಕ್ಕೂ ಕ್ಯಾಟ್ ಸ್ಕೋರ್ ನಡೆಯುತ್ತೆ ಅಂತ ಓದಿದೆ, ಹಾಗಾಗಿ ಈ ನವೆಂಬರಿಗೆ ಕ್ಯಾಟ್ ಬರೆಯುತ್ತೇನೆ. ಭಾನುವಾರ ಮೊದಲ ಮಾಕ್ (ಅಭ್ಯಾಸ ಪರೀಕ್ಷೆ) ತಗೊಂಡೆ. ಇಂಗ್ಲಿಷ್ ಪರವಾಗಿಲ್ಲ, ಗಣಿತ ಪರವಾಗಿಲ್ಲ. ಅಂಕಿಅಂಶ, ತರ್ಕದ ಭಾಗವಾದ ಡಿಐಎಲ್‌ಆರ್‌ನಲ್ಲಿ 40 ನಿಮಿಷಕ್ಕೆ ಎರಡೇ ಪ್ರಶ್ನೆ ಸರಿ. ಅದರಲ್ಲೂ ಒಂದು ಊಹೆ.

ಹಿಂದಿನ_ಬೆಂಚು

ಮೊದಲ ಮಾಕಿಗೆ ಎರಡು ಬಂದರೆ ನನಗಿಂತ ಒಂದು ಜಾಸ್ತಿ. ಡಿಐಎಲ್‌ಆರ್‌ನಲ್ಲಿ ನಾಲ್ಕೈದು ಸೆಟ್ ಇರುತ್ತವೆ, ಒಂದೊಂದರಲ್ಲೂ ಒಂದೇ ಮಾಹಿತಿಯ ಮೇಲೆ ಕೆಲವು ಪ್ರಶ್ನೆ. ಮೊದಲ ಐದು ನಿಮಿಷ ಪೆನ್ನು ಮುಟ್ಟಬೇಡಿ, ಎಲ್ಲಾ ಸೆಟ್ ಓದಿ, ಕೈಲಾಗದ್ದು ಯಾವುದು ಅಂತ ಮೊದಲು ಗುರುತಿಸಿ ಬಿಟ್ಟುಬಿಡಿ. ಎರಡು ಸೆಟ್ ಪೂರ್ತಿ ಸರಿ ಮಾಡಿದರೂ ಗೌರವದ ಸ್ಕೋರ್ ಬರುತ್ತದೆ. ಮತ್ತೆ ಊಹೆ ಮಾಡೋದು ಆಯ್ಕೆಗಳನ್ನು ಕೊಡದೆ ಉತ್ತರ ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳಲ್ಲಿ ಮಾತ್ರ, ಅಲ್ಲಿ ತಪ್ಪಾದರೆ ಅಂಕ ಕಳೆಯುವುದಿಲ್ಲ. ಮುಂದಿನ ಭಾನುವಾರದ ಮಾಕ್ ಆದ ಮೇಲೆ ಇಲ್ಲೇ ಬಂದು ಹೇಳಿ.