ಸಮುದ್ರ ಸೇರುವ ನದಿ ನೀರು ನಿಜವಾಗಿಯೂ ವೇಸ್ಟಾ?

ಹಿರಿಯೂರು ತೋಟ:
ನಮ್ಮ ಕಡೆ ನೀರಿನ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ನಮ್ಮ ವೇದಾವತಿಯ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. ಉತ್ತರ ಕನ್ನಡದ ಅಘನಾಶಿನಿ ಹೊಳೆಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಬಂದಾಗಿನಿಂದ ಊರಲ್ಲಿ ಒಂದೇ ಮಾತು: "ಸುಮ್ನೆ ಸಮುದ್ರಕ್ಕೆ ಹೋಗೋ ನೀರು, ನಮಗೆ ಕೊಟ್ರೆ ಏನಾಗುತ್ತೆ?" ಆ ಕಡೆಯವರು ಅಳಿವೆ ಹಾಳಾಗುತ್ತದೆ ಅನ್ನುತ್ತಾರೆ. ಈ ಅಳಿವೆ ಅಂದ್ರೆ ಏನು, ಅಲ್ಲಿ ಅಂಥದ್ದೇನಿದೆ? ತಿಳಿದವರು ಬಿಡಿಸಿ ಹೇಳಿ.

ಕುಮಟಾದವಳು, ಈಗ ದಾವಣಗೆರೆ:
ಅಣ್ಣ, ನದಿ ಸಮುದ್ರ ಸೇರುವ ಕಡೆ ಸಿಹಿನೀರು, ಉಪ್ಪುನೀರು ಬೆರೆಯುವ ಜಾಗವೇ ಅಳಿವೆ. ದಿನಕ್ಕೆ ಎರಡು ಸಲ ಭರತ (ಉಬ್ಬರ) ಬಂದು ಸಮುದ್ರದ ನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ವಾಪಸ್ ಹೋಗುತ್ತದೆ. ಉಪ್ಪುನೀರು ಭಾರ, ಅದಕ್ಕೇ ಅದು ಕೆಳಗೆ, ಸಿಹಿನೀರು ಮೇಲೆ. ಘಟ್ಟದಿಂದ ನದಿ ತಂದ ನುಣ್ಣನೆ ಮಣ್ಣು ಉಪ್ಪು ತಾಗಿದ ಕೂಡಲೇ ಗಂಟು ಗಂಟಾಗಿ ತಳಕ್ಕೆ ಕೂರುತ್ತದೆ, ಆ ಕೆಸರೇ ಅಲ್ಲಿನ ಎಷ್ಟೋ ಜೀವಗಳಿಗೆ ಊಟ.

ಇಳಿತದ ಹೊತ್ತಿಗೆ ಅಘನಾಶಿನಿ ದಡಕ್ಕೆ ಹೋಗಿ ನೋಡಿ. ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ, ಕೆಸರಿಗೆ ಕೈ ಹಾಕಿ ತಡಕಿ ತಡಕಿ ಬಳಚು, ಅಂದ್ರೆ ತಿನ್ನುವ ಚಿಪ್ಪು, ತೆಗೆಯುತ್ತಾರೆ. ಎಷ್ಟೋ ಮನೆಗಳು ನಡೆಯುವುದೇ ಅದರಿಂದ. ಸಮುದ್ರದಲ್ಲಿ ಹುಟ್ಟಿದ ಸಿಗಡಿ ಮರಿಗಳೂ ಬೆಳೆಯಲು ಒಳಗೆ ಬರುತ್ತವೆ, ದೊಡ್ಡವಾದ ಮೇಲೆ ಸಮುದ್ರಕ್ಕೆ ಹೋಗುತ್ತವೆ. ಅಳಿವೆ ಕೆಟ್ಟರೆ ಸಮುದ್ರದ ಬಲೆಗೂ ಮೀನು ಕಡಿಮೆ. ಅಂಚಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಅಲೆಯ ಹೊಡೆತ ತಡೆಯುತ್ತವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ.

ಹರಿಹರ ಹೊಳೆದಂಡೆ:
ನಮ್ಮ ತುಂಗಭದ್ರೆಯ ನೀರೂ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೇ ಹೋಗಬೇಕು. ದಾರಿಯಲ್ಲಿ ಹೊಸಪೇಟೆ, ಶ್ರೀಶೈಲ, ನಾಗಾರ್ಜುನ ಸಾಗರ ಅಂತ ಎಷ್ಟು ಅಣೆಕಟ್ಟು ನೋಡಿ. ನೀರಿನ ಜೊತೆ ಮಣ್ಣೂ ಅಲ್ಲೇ ನಿಲ್ಲುತ್ತದೆ. ಹೊಸ ಮಣ್ಣು ಬರದಿದ್ದರೆ ನದಿಯ ಬಾಯಲ್ಲಿರುವ ನೆಲವನ್ನು ಸಮುದ್ರ ಕೊರೆಯುತ್ತಾ ಹೋಗುತ್ತದೆ. ಅಘನಾಶಿನಿಗೆ ಇನ್ನೂ ದೊಡ್ಡ ಅಣೆಕಟ್ಟಿಲ್ಲ, ಅಂಥ ನದಿ ಈಗ ಸಿಗುವುದೇ ಕಷ್ಟ.

ಹಿರಿಯೂರು ತೋಟ:
ಇಷ್ಟೆಲ್ಲ ಗೊತ್ತಿರಲಿಲ್ಲ ಅಕ್ಕ. ಆದರೂ ಮಳೆಗಾಲದಲ್ಲಿ ಅಲ್ಲಿ ನೀರು ಜಾಸ್ತಿನೇ ಇರುತ್ತದೆ ಅಲ್ವಾ? ಆಗ ಮಾತ್ರ ತೆಗೆದುಕೊಂಡರೆ?

ಕುಮಟಾದವಳು, ಈಗ ದಾವಣಗೆರೆ:
ಅಳಿವೆಗೆ ಬೇಕಾಗಿರುವುದೇ ಆ ಮಳೆಗಾಲದ ನೀರು. ದಡದ ತಗ್ಗು ಗದ್ದೆಗಳಿಗೆ ನಾವು ಗಜನಿ ಅನ್ನುತ್ತೇವೆ. ಹೊಳೆ ತುಂಬಿ ಬಂದು ಅಲ್ಲಿನ ಉಪ್ಪನ್ನು ತೆಳು ಮಾಡಿದ ಮೇಲೆಯೇ ಕಗ್ಗ ಭತ್ತ ಏಳುವುದು. ಕಗ್ಗ ಉಪ್ಪು ತಡೆಯುತ್ತದೆ ನಿಜ, ಅದಕ್ಕೂ ಒಂದು ಮಿತಿ ಇದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಹೊಳೆ ಸೊರಗಿದರೆ ಉಪ್ಪು ಇನ್ನೂ ಮೇಲಕ್ಕೆ ಹತ್ತಿ ಕುಡಿಯುವ ನೀರಿನ ಬಾವಿಗಳಿಗೂ ಬರುತ್ತದೆ. ನಿಮ್ಮ ಕಷ್ಟ ಸುಳ್ಳಲ್ಲ ಅಣ್ಣ, ಇಲ್ಲಿ ಬಂದ ಮೇಲೆ ಟ್ಯಾಂಕರ್‌ಗೆ ಕಾಯುವುದು ಏನು ಅಂತ ನನಗೂ ಗೊತ್ತಾಗಿದೆ. ಆದರೆ ಆ ನೀರಿಗೆ ಕೆಲಸ ಇಲ್ಲ ಅಂತ ಮಾತ್ರ ಹೇಳಬೇಡಿ.