ಕೀರ್ತನೆ 91ರ ಏಳನೇ ವಚನವನ್ನು ನಾನು ಹೇಗೆ ಪ್ರಾರ್ಥಿಸಲಿ?

ಉಡುಪಿಯವಳು, ಈಗ ಹೋಲೋನ್:

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ನಾನು ಉಡುಪಿ ಕಡೆಯವಳು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವಳು. ಇಸ್ರೇಲಿನ ಹೋಲೋನ್‌ನಲ್ಲಿ ಕೇರ್‌ಗಿವರ್ ಕೆಲಸ ಮಾಡುತ್ತೇನೆ. ತೊಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವುದು. ಮನೆಯಲ್ಲಿ ನಾವಿಬ್ಬರೇ.

ಇಲ್ಲಿ ಸೈರನ್ ಆದರೆ ನಮಗೆ ಸಿಗುವುದು 90 ಸೆಕೆಂಡ್. ಅಷ್ಟರಲ್ಲಿ ಅಜ್ಜಿಯನ್ನು ಎಬ್ಬಿಸಬೇಕು, ಕೂರಿಸಬೇಕು, ಮಮಾದ್ ಸೇರಬೇಕು. ಮಮಾದ್ ಅಂದರೆ ಹೊಸ ಕಟ್ಟಡಗಳಲ್ಲಿ ಪ್ರತಿ ಮನೆಯೊಳಗೂ ಕಟ್ಟುವ ಗಟ್ಟಿ ಕಾಂಕ್ರೀಟ್ ಕೋಣೆ. ಅದಕ್ಕೆ ಕಬ್ಬಿಣದ ಬಾಗಿಲು. ವಾಕರ್ ಹಿಡಿಸಿ ನಡೆಸುತ್ತಾ ಹೋದರೆ ಹೊತ್ತು ಸಾಲುವುದಿಲ್ಲ. ಅದಕ್ಕೇ ರಾತ್ರಿ ವೀಲ್‌ಚೇರನ್ನು ಮಂಚಕ್ಕೆ ತಾಗಿಸಿ, ಬ್ರೇಕ್ ಹಾಕಿ ಇಟ್ಟಿರುತ್ತೇನೆ. ಅದರ ಮೇಲೆ ಒಂದು ಶಾಲು, ಅಜ್ಜಿಯ ಮಾತ್ರೆ ಡಬ್ಬಿ, ನನ್ನ ಪಾಸ್‌ಪೋರ್ಟ್ ಇರುವ ಚೀಲ. ಒಳಗೆ ಹೋಗಿ ಬಾಗಿಲಿನ ಹಿಡಿಕೆ ಬಿಗಿದ ಮೇಲೇ ನನಗೆ ಉಸಿರು ಬರುವುದು.

ಆಮೇಲೆ ಕೀರ್ತನೆ 91 ಶುರು ಮಾಡುತ್ತೇನೆ. ಸಣ್ಣವಳಿದ್ದಾಗ ಅಮ್ಮ ಬಾಯಿಪಾಠ ಮಾಡಿಸಿದ್ದು. ಅಜ್ಜಿಯೂ ಅದೇ ಕೀರ್ತನೆಯನ್ನು ಹೀಬ್ರೂನಲ್ಲಿ ಹೇಳುತ್ತಾರೆ. ಯೆಹೂದ್ಯರು ರಾತ್ರಿ ಮಲಗುವ ಮುಂಚೆ ಮಾಡುವ ಪ್ರಾರ್ಥನೆಯಲ್ಲೂ ಅದಿದೆ, ಶವಸಂಸ್ಕಾರದಲ್ಲೂ ಇದೆ. ನಾನು ಕನ್ನಡದಲ್ಲಿ, ಅವರು ಹೀಬ್ರೂನಲ್ಲಿ. ಇಬ್ಬರ ಸ್ವರವೂ ನಡುಗುತ್ತಿರುತ್ತದೆ.

ನನ್ನ ತೊಂದರೆ ಏಳನೇ ವಚನದ್ದು. ಪಕ್ಕದಲ್ಲಿ ಸಾವಿರ ಜನ, ಬಲಗಡೆ ಹತ್ತು ಸಾವಿರ ಜನ ಬಿದ್ದರೂ ನಿನಗೇನೂ ತಟ್ಟುವುದಿಲ್ಲ ಅಂತ ಇದೆಯಲ್ಲ, ಅದು. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಬಂದವು. ಬಾತ್ ಯಾಮ್‌ನಲ್ಲಿ ಕಟ್ಟಡಕ್ಕೆ ಬಿದ್ದು ಜನ ಸತ್ತರು. ಬಾತ್ ಯಾಮ್ ನಮಗೆ ಪಕ್ಕದ ಊರು, ನಾನು ಸಾಮಾನು ತರಲು ಹೋಗುವ ಜಾಗ. ಪೇತಾ ತಿಕ್ವಾದಲ್ಲಂತೂ ಮಮಾದ್‌ಗೇ ನೇರ ಬಿದ್ದು ಒಳಗಿದ್ದವರೇ ತೀರಿಕೊಂಡರು. ಅವರೂ ಬಾಗಿಲು ಹಾಕಿಕೊಂಡು ಇದೇ ಕೀರ್ತನೆ ಹೇಳುತ್ತಿದ್ದಿರಬಹುದು, ಅಲ್ವಾ? ಅದಾದ ಮುಂದಿನ ತಿಂಗಳು, ಜುಲೈ 17ರಂದು, ಗಾಜಾದ ಹೋಲಿ ಫ್ಯಾಮಿಲಿ ಚರ್ಚಿಗೆ ಶೆಲ್ ಬಿದ್ದು ಮೂವರು ಸತ್ತರು. ಅಲ್ಲಿ ಆಶ್ರಯ ಪಡೆದಿದ್ದವರು ನಮ್ಮಂತೆಯೇ ಯೇಸುವನ್ನು ಕರೆಯುವವರು. ಈ ಮನೆಯಿಂದ ಆ ಚರ್ಚಿಗೆ ಹೆಚ್ಚುಕಡಿಮೆ ಉಡುಪಿಯಿಂದ ಮಂಗಳೂರಿಗೆ ಹೋದಷ್ಟು ದೂರ.

ಅಮ್ಮ ದಿನಾ ಬೆಳಿಗ್ಗೆ ಅದೇ ಏಳನೇ ವಚನವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ಆಮೆನ್ ಅಂತ ಉತ್ತರ ಹಾಕುತ್ತೇನೆ. ಆದರೆ ಬಾಯಿಬಿಟ್ಟು ಹೇಳುವಾಗ ಗಂಟಲು ಕಟ್ಟುತ್ತದೆ. ಆ ಸಾವಿರ ಜನರಲ್ಲಿ ಒಬ್ಬಳಿಗೆ ಮಗು ಇದ್ದಿರುತ್ತದೆ. ಅವಳು ಬಿದ್ದು ನಾನು ಉಳಿಯಲಿ ಅಂತ ದೇವರ ಹತ್ತಿರ ಕೇಳಿದ ಹಾಗೆ ಆಗುತ್ತದೆ.

ಈ ವಚನ ಬಿಟ್ಟು ಮುಂದಕ್ಕೆ ಓದಿದರೆ ತಪ್ಪಾ? ಕಾಪಾಡಪ್ಪಾ ಅಂತ ಬೇಡುವುದೇ ಸ್ವಾರ್ಥವಾ? ತಿಳಿದವರು ಹೇಳಿ. ಸುಮ್ನೆ ಕೇಳುತ್ತಿಲ್ಲ, ನಿಜವಾಗಿ ಬೇಕಾಗಿದೆ.

ದಾವಣಗೆರೆ ಲಾರಿ:

ತಂಗಿ, ವಂದನೆ. ವಚನ ಬಿಡಬೇಡಿ. ನಾನು ರಾತ್ರಿ ಗಾಡಿ ಓಡಿಸುವವನು. ಪುಣೆ ರೋಡಿನಲ್ಲಿ ಎಷ್ಟು ಆ್ಯಕ್ಸಿಡೆಂಟ್ ನೋಡಿದ್ದೇನೋ. ಕೆಲವನ್ನು ನೋಡಿದ ಮೇಲೆ ಊಟ ಸೇರುವುದಿಲ್ಲ. ಕೀರ್ತನೆ 91 ಬರೆದ ಕಾಗದವನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ್ದೇನೆ. ಪೂರ್ತಿ ಓದಿಯೇ ಕೀ ತಿರುಗಿಸುವುದು. ಇವತ್ತಿನವರೆಗೂ ದೇವರು ಕೈಬಿಟ್ಟಿಲ್ಲ. ವಿಶ್ವಾಸದಿಂದ ಹೇಳಿದವರಿಗೆ ತಟ್ಟುವುದಿಲ್ಲ, ಇದು ನನ್ನ ಸಾಕ್ಷಿ. ಸಂಶಯ ಬಂದರೆ ಗುರಾಣಿಗೆ ತೂತು ಬಿದ್ದ ಹಾಗೆ. ನಿಮಗಾಗಿ, ಆ ಅಜ್ಜಿಗಾಗಿ ನಮ್ಮ ಮನೆಯಲ್ಲಿ ಪ್ರಾರ್ಥಿಸುತ್ತೇವೆ.

ಧಾರವಾಡದ ನಿವೃತ್ತ ಸಭಾಪಾಲಕ:

ಮಗಳೇ, ನಿನ್ನ ಪ್ರಶ್ನೆ ಓದಿ ಎದ್ದು ಹೋಗಿ ಸತ್ಯವೇದ ತಂದು ಕೂತೆ. ದಾವಣಗೆರೆ ತಮ್ಮನ ಸಾಕ್ಷಿಗೂ ದೇವರಿಗೆ ಸ್ತೋತ್ರ. ಆದರೆ ವಿಶ್ವಾಸದಿಂದ ಹೇಳಿದವರಿಗೆ ತಟ್ಟುವುದಿಲ್ಲ ಅನ್ನುವ ಆ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ, ಯಾಕಂದರೆ ಅದನ್ನು ಕೇಳಿಸಿಕೊಂಡು ಬೆಂದವರನ್ನು ನೋಡಿದ್ದೇನೆ. ಮಗ ಸತ್ತ ಮನೆಗೆ ಹೋಗಿ ನಿಮ್ಮ ವಿಶ್ವಾಸ ಸಾಲದೇ ಹೋಯಿತು ಅಂದರೆ ಆ ತಾಯಿ ಎರಡು ಸಲ ಮಗನನ್ನು ಕಳೆದುಕೊಳ್ಳುತ್ತಾಳೆ.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ತೆಗೆ. ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಆಮೇಲೆ ಪೇತ್ರನನ್ನು ಹಿಡಿದು ಸೆರೆಗೆ ಹಾಕುತ್ತಾನೆ. ಸಭೆಯವರು ಆಸಕ್ತಿಯಿಂದ ಪ್ರಾರ್ಥಿಸುತ್ತಾರೆ, ರಾತ್ರಿ ದೂತನು ಬಂದು ಪೇತ್ರನನ್ನು ಬಿಡಿಸುತ್ತಾನೆ. ಒಂದೇ ಸಭೆ, ಒಂದೇ ಅಧ್ಯಾಯ. ಯಾಕೋಬನೂ ಯೇಸುವಿನ ಜೊತೆ ರೂಪಾಂತರದ ಬೆಟ್ಟ ಹತ್ತಿದವನು. ಅವನ ವಿಶ್ವಾಸ ಕಮ್ಮಿ ಇತ್ತು ಅಂತ ಲೂಕನು ಎಲ್ಲೂ ಬರೆಯುವುದಿಲ್ಲ. ಇವನು ಯಾಕೆ ಸತ್ತ, ಅವನು ಯಾಕೆ ಉಳಿದ ಅಂತಲೂ ಹೇಳುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ಹಾಗೇ. ನಂಬಿಕೆಯಿಂದಲೇ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರು 34ನೇ ವಚನದಲ್ಲಿದ್ದಾರೆ. ನಂಬಿಕೆಯಿಂದಲೇ ಕತ್ತಿಗೆ ಬಲಿಯಾದವರು 37ರಲ್ಲಿದ್ದಾರೆ. ಒಂದೇ ಪಟ್ಟಿ.

ಇನ್ನೊಂದು. ಕೀರ್ತನೆ 91ನ್ನು ಸೈತಾನನೂ ಎತ್ತಿ ಹೇಳಿದ್ದಾನೆ. ಮತ್ತಾಯ 4ರಲ್ಲಿ ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಅಂದದ್ದು ಇದೇ ಕೀರ್ತನೆಯ 11, 12ನೇ ವಚನದಿಂದ. ಯೇಸು ಕೀರ್ತನೆ ಸುಳ್ಳು ಅನ್ನಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು, ಧುಮುಕಲಿಲ್ಲ. ಅದೇ ಯೇಸು ಗೆತ್ಸೇಮನೆಯಲ್ಲಿ ಈ ಪಾತ್ರೆಯನ್ನು ತಪ್ಪಿಸು ಅಂತ ಬೆವರಿ ಬೆವರಿ ಬೇಡಿಕೊಂಡರು. ಹಾಗಾದ ಮೇಲೆ ಕಾಪಾಡಪ್ಪಾ ಅನ್ನುವುದು ಸ್ವಾರ್ಥ ಹೇಗಾಗುತ್ತದೆ? ಧಾರಾಳವಾಗಿ ಕೇಳು. ಮಗು ತಂದೆಯನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಏಳನೇ ವಚನ ಬಿಡಬೇಡ. 15ನೇ ವಚನದ ತನಕ ಹೋಗು. ಅಲ್ಲಿ ದೇವರೇ ಮಾತಾಡುತ್ತಾನೆ, ಇಕ್ಕಟ್ಟಿನಲ್ಲಿ ಹತ್ತಿರವಿರುತ್ತೇನೆ ಅನ್ನುತ್ತಾನೆ. ಅಂದಮೇಲೆ ಕೀರ್ತನೆ ಹಾಡಿದವನು ಇಕ್ಕಟ್ಟಿನ ಒಳಗೇ ಇದ್ದ. ಸುತ್ತ ಜನ ಬೀಳುವುದನ್ನು ಕಣ್ಣಾರೆ ಕಂಡು, ಎದೆ ಹೊಡೆದುಕೊಳ್ಳುವಾಗ ಹೇಳಿದ ಮಾತು ಅದು. ಅವರು ಬೀಳಲಿ ಅಂತ ಅವನು ಬೇಡಲಿಲ್ಲ.

ವೀಲ್‌ಚೇರ್ ಮಂಚಕ್ಕೆ ತಾಗಿಸಿ ಇಡುತ್ತೀಯಲ್ಲ, ಅದೂ ಪ್ರಾರ್ಥನೆಯೇ ಅಂತ ನಾನು ಎಣಿಸುತ್ತೇನೆ. ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟುವಾಗ ದೇವರಿಗೆ ಮೊರೆಯಿಟ್ಟ, ಜೊತೆಗೆ ಹಗಲೂ ರಾತ್ರಿ ಕಾವಲು ಹಾಕಿದ. 4ನೇ ಅಧ್ಯಾಯ, 9ನೇ ವಚನ. ಸೈರನ್ ಆದಾಗ ಮೊದಲು ಅಜ್ಜಿ, ಆಮೇಲೆ ಬಾಗಿಲು, ಆಮೇಲೆ ಕೀರ್ತನೆ. ಈ ಕ್ರಮ ಸರಿಯಾಗಿದೆ.

ಮಂಗಳೂರು ಬಾಯಿ:

ಅಯ್ಯನವರು ವಚನ ಎಲ್ಲ ಹೇಳಿದ್ದಾರೆ. ನಾನು ಕಥೋಲಿಕಳು, ಹತ್ತಿರದ್ದೊಂದು ಹೇಳುತ್ತೇನೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹತ್ತಿರದ ಅಡೋರೇಶನ್ ಮಠದ ಮೇಲೆ ದಾಳಿ ಆಯಿತು. ಪರಮಪ್ರಸಾದ ಇಡುವ ಪೆಟ್ಟಿಗೆಯನ್ನೂ ಬಿಡಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆ, ಹೇಳಲು ಕೂತಾಗ ಗಂಡಸರಿಗೆ ಸಿಟ್ಟು, ಮಕ್ಕಳಿಗೆ ಹೆದರಿಕೆ. ಬಾಗಿಲಿಗೆ ಚಿಲಕದ ಜೊತೆ ಅಗುಳಿಯನ್ನೂ ಹಾಕಿದ್ದೆವು. ಕೊನೆಗೆ ಅತ್ತೆ, ದಾಳಿ ಮಾಡಿದವರಿಗೂ ಒಂದು ನಮೋ ಮರಿಯಾ ಪ್ರಾರ್ಥನೆ ಅಂದರು. ಮೈದುನ ಎದ್ದು ಹೊರಗೆ ಹೋದರು. ಅತ್ತೆ ನಿಲ್ಲಿಸಲಿಲ್ಲ. ಆ ವರ್ಷ ಪೂರ್ತಿ ಅದೊಂದು ಜಾಸ್ತಿ ಇತ್ತು ನಮ್ಮ ತೇರ್ಸಿನಲ್ಲಿ. ಮೈದುನ ಕ್ರಿಸ್ಮಸ್ ಹೊತ್ತಿಗೆ ಮತ್ತೆ ಬಂದು ಕೂರತೊಡಗಿದರು, ಆ ಒಂದಕ್ಕೆ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ.

ಗಾಜಾದ ಆ ಚರ್ಚಿಗೆ ಪೋಪ್ ಫ್ರಾನ್ಸಿಸ್ 2023ರ ಅಕ್ಟೋಬರ್‌ನಿಂದ ತಾವು ತೀರಿಕೊಳ್ಳುವ ತನಕ ಹೆಚ್ಚುಕಡಿಮೆ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಏನು ತಿಂದಿರಿ ಅಂತ ಕೇಳುತ್ತಿದ್ದರು. ಬಾಂಬನ್ನು ತಡೆಯಲು ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಆದರೂ ಆ ಫೋನ್ ಬರಲಿ ಅಂತ ಅಲ್ಲಿಯವರು ಕಾಯುತ್ತಿದ್ದರು. ನೀನೂ ಮಮಾದ್‌ನಲ್ಲಿ ನಿನ್ನ ಹೆಸರು, ಅಜ್ಜಿಯ ಹೆಸರು ಹೇಳಿದ ಮೇಲೆ ಗಾಜಾದ ಆ ಚರ್ಚಿನವರನ್ನೂ ಸೇರಿಸು. ನಿನ್ನ ಗಂಟಲು ಕಟ್ಟುವುದು ಅಲ್ಲೇ ಸ್ವಲ್ಪ ಬಿಟ್ಟೀತು.

ದಾವಣಗೆರೆ ಲಾರಿ:

ಅಯ್ಯನವರೇ, ಯಾಕೋಬನ ವಿಷಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೂ ಒಂದು ಕೇಳುತ್ತೇನೆ. ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು ಅಂತ ಮನಸ್ಸಿನಲ್ಲಿಟ್ಟುಕೊಂಡು ಮನುಷ್ಯ ಗಟ್ಟಿಯಾಗಿ ಪ್ರಾರ್ಥಿಸುವುದು ಹೇಗೆ? ಸ್ಟೇರಿಂಗ್ ಹಿಡಿದಾಗ ನನಗೆ ಗಟ್ಟಿ ಮಾತು ಬೇಕು.

ಧಾರವಾಡದ ನಿವೃತ್ತ ಸಭಾಪಾಲಕ:

ತಮ್ಮಾ, ದಾನಿಯೇಲ 3ರಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನಿಗೆ ಕೊಟ್ಟ ಉತ್ತರ ನೋಡು. ನಮ್ಮ ದೇವರು ಬೆಂಕಿಯಿಂದ ಬಿಡಿಸಬಲ್ಲ ಅಂದರು. ಬಿಡಿಸದೇ ಹೋದರೂ ನಿನ್ನ ಬೊಂಬೆಗೆ ಅಡ್ಡ ಬೀಳುವುದಿಲ್ಲ ಅಂದರು. ಅದಕ್ಕಿಂತ ಗಟ್ಟಿ ಮಾತು ನನಗೆ ಗೊತ್ತಿಲ್ಲ. ಕಾಗದ ಡ್ಯಾಶ್‌ಬೋರ್ಡ್ ಮೇಲೆ ಇರಲಿ. ನಿದ್ದೆ ಬಂದರೆ ಗಾಡಿ ಪಕ್ಕಕ್ಕೆ ಹಾಕು.

ಉಡುಪಿಯವಳು, ಈಗ ಹೋಲೋನ್:

ಅಯ್ಯನವರಿಗೆ, ಬಾಯಿಗೆ, ಅಣ್ಣನಿಗೆ ತುಂಬಾ ಸ್ತೋತ್ರ. ನಿನ್ನೆ ಸೈರನ್ ಇರಲಿಲ್ಲ, ಆದರೂ ಅಜ್ಜಿ ಮಲಗುವ ಮುಂಚೆ ಕೀರ್ತನೆ ಹೇಳುವಾಗ ನಾನೂ ಕೂತೆ. 15ನೇ ವಚನಕ್ಕೆ ಬಂದಾಗ ಅವರನ್ನು ನಿಲ್ಲಿಸಿ, ನಿಮ್ಮ ಭಾಷೆಯಲ್ಲಿ ಇನ್ನೊಂದು ಸಲ ಹೇಳಿ ಅಂದೆ. ಹೇಳಿದರು. ಗಾಜಾದ ಚರ್ಚಿನವರ ಬಗ್ಗೆ ಕೇಳಲು ಹೆದರಿಕೆ ಇತ್ತು, ಅವರ ಅಕ್ಕನ ಮೊಮ್ಮಗ ಸೈನ್ಯದಲ್ಲಿದ್ದಾನೆ. ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿಯ ಮಕ್ಕಳಿಗೂ ಹೇಳು ಅಂದರು. ಹೆಚ್ಚು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ.

ಅಮ್ಮನಿಗೆ ಇವತ್ತು ಫೋನ್ ಮಾಡಿ 15ನೇ ವಚನವನ್ನೂ ಸೇರಿಸಿ ಕಳಿಸಲು ಹೇಳುತ್ತೇನೆ. ಬಾಯಿ, ನಿಮ್ಮ ಅತ್ತೆಯವರು ಇದ್ದರೆ ನನ್ನ ವಂದನೆ ತಿಳಿಸಿ. ಒಂದು ವಿನಂತಿ ಇದೆ. ಭಾನುವಾರ ನಿಮ್ಮ ಸಭೆಗಳಲ್ಲಿ ಮಧ್ಯಸ್ಥಿಕೆಯ ಪ್ರಾರ್ಥನೆ ಮಾಡುವಾಗ ಇಸ್ರೇಲ್‌ನಲ್ಲಿರುವ ನಮ್ಮ ಊರಿನವರಿಗಾಗಿ ಅಂತ ಹೇಳುತ್ತಾರಲ್ಲ, ಗಾಜಾದ ಹೆಸರನ್ನೂ ಅದರ ಪಕ್ಕದಲ್ಲೇ ಹೇಳಿಸಿ.