ಮೂತ್ರ ‘ನಿಂತಿದೆ’, ‘ನಿಲ್ತಾ ಇಲ್ಲ’, ‘ಕಟ್ಟಿದೆ’: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ನರ್ಸ್. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವ ವಯಸ್ಸಾದವರೇ ನಮ್ಮ ವಾರ್ಡಿನಲ್ಲಿ ಜಾಸ್ತಿ. ಹೊಟ್ಟೆಯ ತೊಂದರೆ, ಮೂತ್ರದ ತೊಂದರೆ ಇರುವವರನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಹಾಳೆ ಬರೆಯುತ್ತಿದ್ದೇನೆ. ಮನೆಗೆ ಹೊರಡುವಾಗ ಅವರ ಕೈಗೆ ಕೊಡಲು. ಮೊದಲ ಸಾಲಿನಲ್ಲೇ ಪದ ಸಿಗದೆ ನಿಂತಿದ್ದೇನೆ.

‘ಮೂತ್ರ ನಿಂತಿದೆ’ ಅಂದರೆ ಬರುತ್ತಿಲ್ಲ. ‘ಮೂತ್ರ ನಿಲ್ತಾ ಇಲ್ಲ’ ಅಂದರೆ ತಡೆದುಕೊಳ್ಳಲು ಆಗುತ್ತಿಲ್ಲ, ಬಟ್ಟೆಯಲ್ಲೇ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ‘ನಿಂತಿದೆ’ ಅನ್ನುವುದರೊಳಗೇ ಎರಡು ಬೇರೆ ಕಾಯಿಲೆಗಳಿವೆ. ಒಂದರಲ್ಲಿ ಮೂತ್ರ ಒಳಗೆ ತುಂಬಿಕೊಂಡಿದೆ, ದಾರಿ ಮುಚ್ಚಿದೆ. ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದಾಗ ಹೀಗಾಗುತ್ತದೆ. ಇನ್ನೊಂದರಲ್ಲಿ ಕಿಡ್ನಿಯೇ ಮೂತ್ರ ತಯಾರಿಸುತ್ತಿಲ್ಲ. ದೊಡ್ಡವರಿಗೆ ಇಡೀ ದಿನಕ್ಕೆ 400 ಮಿಲಿಲೀಟರ್‌ಗಿಂತ ಕಡಿಮೆ ಬಂದರೆ ನಾವು ತಕ್ಷಣ ಡಾಕ್ಟರಿಗೆ ಹೇಳುತ್ತೇವೆ. ಮೊದಲನೆಯದಕ್ಕೆ ನಮ್ಮ ಕಡೆ ‘ಮೂತ್ರ ಕಟ್ಟಿದೆ’ ಎನ್ನುತ್ತಾರೆ. ಎಷ್ಟು ಸರಿಯಾದ ಮಾತು! ಹಳ್ಳಕ್ಕೆ ಕಟ್ಟ ಹಾಕಿದರೆ ನೀರು ಹಿಂದೆ ನಿಲ್ಲುತ್ತದೆ, ಅಲ್ವಾ? ಎರಡನೆಯದಕ್ಕೆ ‘ಮೂತ್ರ ಬತ್ತಿದೆ’ ಎನ್ನಬಹುದೇ? ಬಾವಿ ಬತ್ತಿತು, ಹಸುವಿನ ಹಾಲು ಬತ್ತಿತು ಅಂದ ಹಾಗೆ. ಇದನ್ನು ರೋಗಿಯ ಬಗ್ಗೆ ಯಾರಾದರೂ ಹೇಳಿದ್ದು ನಾನು ಕೇಳಿಲ್ಲ.

ನನಗೆ ಕಷ್ಟವಾಗಿರುವುದು ಇದಕ್ಕಿಂತ ಮುಂದಿನದು. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜನನ್ನು ಸೊಸೆ ಕರೆದುಕೊಂಡು ಬಂದಿದ್ದರು. “ಮಾವಂಗೆ ಉಚ್ಚೆ ನಿಲ್ತಾನೇ ಇಲ್ಲ ಸಿಸ್ಟರ್, ಪಂಚೆ ಬದಲಿಸಿ ಬದಲಿಸಿ ಸಾಕಾಯ್ತು. ಮಳೇಲಿ ಒಂದೂ ಒಣಗಲ್ಲ” ಅಂದರು. ನಾನು ಹಾಗೇ ಬರೆದುಕೊಂಡೆ, ತಡೆಯಲು ಆಗುತ್ತಿಲ್ಲ ಅಂತ. ಸ್ವಲ್ಪ ಹೊತ್ತಿನ ಮೇಲೆ ಹಾಸಿಗೆ ಸರಿ ಮಾಡುವಾಗ ಕಿಬ್ಬೊಟ್ಟೆ ಮುಟ್ಟಿದರೆ ಸಿಪ್ಪೆ ಸುಲಿದ ಕಾಯಿಯ ಹಾಗೆ ಉಬ್ಬಿ ಗಟ್ಟಿಯಾಗಿತ್ತು. ಪೈಪ್ ಹಾಕಿದ ಮೇಲೆ ಒಂದು ಲೀಟರಿನ ಹತ್ತಿರ ಬಂತು. ಸಾಮಾನ್ಯವಾಗಿ 300-400 ಮಿಲಿಲೀಟರ್ ತುಂಬಿದರೇ ಹೋಗಬೇಕು ಅನ್ನಿಸುತ್ತದೆ. ಅಜ್ಜನಿಗೆ ಕಟ್ಟಿಯೂ ಇತ್ತು, ಸೋರುತ್ತಲೂ ಇತ್ತು. ತುಂಬಿ ಮಿಕ್ಕಿದ್ದು ಮಾತ್ರ ಹನಿಹನಿಯಾಗಿ ಹೊರಗೆ ಬರುತ್ತಿತ್ತು. ಸೊಸೆ ಹೇಳಿದ್ದರಲ್ಲಿ ತಪ್ಪಿಲ್ಲ. ಕಣ್ಣಿಗೆ ಕಂಡಿದ್ದನ್ನು ಹೇಳಿದರು. ಕೈಯಿಟ್ಟು ನೋಡುವುದಕ್ಕೆ ಮೊದಲೇ ಬರೆದುಕೊಂಡವಳು ನಾನು.

ಇದಕ್ಕೆ ನನಗೆ ಹೊಳೆದದ್ದು ‘ಕೋಡಿ’. ಕೆರೆ ತುಂಬಿ ಕೋಡಿ ಬಿದ್ದಿದೆ ಎನ್ನುತ್ತೇವಲ್ಲ, ಹಾಗೆ ‘ಕೋಡಿ ಸೋರಿಕೆ’. ಕೋಡಿಯಲ್ಲಿ ನೀರು ಹರಿಯುತ್ತಿದೆ ಅಂದರೆ ಕೆರೆ ತುಂಬಿದೆ ಅಂತ ಮಲೆನಾಡಿನ ಮಗುವಿಗೂ ಗೊತ್ತು. ಬೇರೆ ವಿವರಣೆಯೇ ಬೇಡ.

ಹೊಟ್ಟೆಯ ವಿಷಯದಲ್ಲೂ ಇದೇ ಪದ ಬೇಕಾಗುತ್ತದೆ. ಹಾಸಿಗೆ ಹಿಡಿದವರಿಗೆ ಮಲ ಒಳಗೆ ಉಂಡೆಗಟ್ಟಿ ಕೂತಿರುತ್ತದೆ. ಅದರ ಪಕ್ಕದಿಂದ ನೀರಿನಂಥದ್ದು ಮಾತ್ರ ಜಾರಿ ಬರುತ್ತದೆ. ಮನೆಯವರು ‘ಭೇದಿ’ ಎನ್ನುತ್ತಾರೆ, ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಆಗ ಒಳಗಿನದು ಇನ್ನಷ್ಟು ಬಿಗಿಯುತ್ತದೆ. ನಾಲ್ಕೈದು ದಿನ ಸರಿಯಾಗಿ ಹೋಗಿರದಿದ್ದರೆ, ಆಮೇಲೆ ಸುಮ್ನೆ ನೀರುನೀರಾಗಿ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ, ಅದು ಭೇದಿ ಅಲ್ಲದೆ ಇರಬಹುದು, ಮಾತ್ರೆ ಕೊಡುವ ಮೊದಲು ತೋರಿಸಿ ಅಂತ ಬರೆಯಬೇಕಿದೆ. ‘ಹೊಟ್ಟೆ ಕಟ್ಟಿ ಕೋಡಿ ಬಿದ್ದಿದೆ’ ಅಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ?

ಒಂದು ಅಳುಕೂ ಇದೆ. ಕೆರೆ ಕೋಡಿ ಬಿದ್ದರೆ ನಾವು ಬಾಗಿನ ಕೊಡುತ್ತೇವೆ. ಅಷ್ಟು ಶುಭದ ಮಾತನ್ನು ನರಳುತ್ತಿರುವವರ ಮೈಗೆ ಹೇಳಿದರೆ ಹಿರಿಯರಿಗೆ ನೋವಾದೀತೇ?

ಇನ್ನೊಂದು ಚಿಕ್ಕ ಪ್ರಶ್ನೆ. ಒಳಗಿನ ಮೂತ್ರಕೋಶಕ್ಕೆ ‘ಮೂತ್ರಚೀಲ’ ಅಂತ ಬರೆದಿದ್ದೆ. ಪೈಪಿಗೆ ಸೇರಿಸಿ ತೂಗುಹಾಕುವುದಕ್ಕೂ ಜನ ಮೂತ್ರದ ಚೀಲ ಎಂದೇ ಹೇಳುತ್ತಾರೆ. ಓದಿ ನೋಡಿದವರೊಬ್ಬರು ಗೊಂದಲಪಟ್ಟರು. ಅದಕ್ಕೇ ಹೊರಗಿನದನ್ನು ‘ಬ್ಯಾಗ್’ ಮಾಡಿದೆ. ‘ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗಲಿ, ನೆಲಕ್ಕೆ ತಾಗಬಾರದು’ ಅಂತ ಬರೆದಿದ್ದೇನೆ. ಮೇಲಿಟ್ಟರೆ ಮೂತ್ರ ವಾಪಸ್ ಹೋಗಿ ಸೋಂಕಾಗುತ್ತದೆ. ಒಳಗಿನದಕ್ಕೆ ಮೂತ್ರಕೋಶ ಎಂದೇ ಇಡಲೇ? ಅದನ್ನೇ ಕಿಡ್ನಿ ಎಂದುಕೊಳ್ಳುವವರೂ ಇದ್ದಾರೆ.

ಸೊರಬ, ಶೃಂಗೇರಿ, ಕೊಪ್ಪದ ಕಡೆಯವರು ಇದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ತುಂಬಿ ಸೋರುವುದಕ್ಕೆ ಅವರ ಬಾಯಲ್ಲಿ ಬೇರೆ ಪದ ಇದ್ದರೆ ನನ್ನ ಕೋಡಿಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ.